ಕೋಳಿ ಮೇವಿನಲ್ಲಿ ರಂಜಕ: ಕಮ್ಮಿಯಾದರೆ ರೈತನಿಗೆ ನಷ್ಟ, ಹೆಚ್ಚಾದರೆ ಹೊಳೆಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂದ್ರೆ ಅಡಿಕೆ. ಆದರೆ ಹಳದಿ ಎಲೆ ರೋಗ ದಶಕಗಳಿಂದ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಸೊರಗಿಸುತ್ತಿದೆ. ಈಗ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಅಡಿಕೆಯೊಂದನ್ನೇ ನಂಬಿ ಕೂರಲಾಗದ ಕುಟುಂಬಗಳ ಮುಂದಿರುವ ದಾರಿಗಳಲ್ಲಿ ಕಂಪನಿ ಗುತ್ತಿಗೆಯ ಬ್ರಾಯ್ಲರ್ ಶೆಡ್ ಕೂಡ ಒಂದು. ಶೆಡ್ ಹಾಕುವ ಮೊದಲು ಸಾಲದ ಲೆಕ್ಕ ಎಲ್ಲರೂ ಹಾಕ್ತಾರೆ. ಮೇವಿನ ಚೀಲದೊಳಗಿನ ಲೆಕ್ಕವನ್ನೂ ತಿಳಿದಿರಬೇಕು. ಅದರಲ್ಲಿ ಮುಖ್ಯವಾದದ್ದು ರಂಜಕ, ಅಂದರೆ ಫಾಸ್ಫರಸ್.

ರಂಜಕ ಯಾಕೆ ಬೇಕು?

ಮೂಳೆಗೆ. ಬ್ರಾಯ್ಲರ್ ಮರಿ ಸುಮಾರು ಆರು ವಾರದಲ್ಲಿ 40 ಗ್ರಾಂನಿಂದ 2 ಕೆಜಿ ದಾಟುತ್ತೆ. ಆ ವೇಗಕ್ಕೆ ಮೂಳೆ ಗಟ್ಟಿಯಾಗದಿದ್ದರೆ ಕಾಲು ಸೊಟ್ಟಗಾಗಿ ಕೋಳಿ ಕುಂಟುತ್ತೆ, ಮೇವಿನ ತಟ್ಟೆಯವರೆಗೂ ಹೋಗಲಾರದೆ ಕೂತುಬಿಡುತ್ತೆ. ಮೇವಿನ ಮುಖ್ಯ ಪದಾರ್ಥಗಳಾದ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯಲ್ಲಿ ರಂಜಕವೇನೋ ಇದೆ. ಆದರೆ ಅದರಲ್ಲಿ ಸುಮಾರು ಮೂರನೇ ಎರಡು ಭಾಗ ‘ಫೈಟೇಟ್’ ಎಂಬ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತೆ. ಆ ಬೀಗ ತೆಗೆಯುವಷ್ಟು ಕಿಣ್ವ ಕೋಳಿಯ ಹೊಟ್ಟೆಯಲ್ಲಿಲ್ಲ. ಹಾಗಾಗಿ ಹೆಚ್ಚಿನದು ಹಿಕ್ಕೆಯಲ್ಲಿ ಹೊರಗೆ ಹೋಗುತ್ತೆ.

ಡಿಸಿಪಿ ಮತ್ತು ಫೈಟೇಸ್

ಕೊರತೆ ತುಂಬಲು ಹಳೆಯ ದಾರಿ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್. ಇದರಲ್ಲಿ ರಂಜಕ ಸುಮಾರು ಶೇ. 18. ಇದರ ಮೂಲ ಶಿಲಾ ರಂಜಕ. ಭಾರತ ಅದನ್ನು ಬಹುಪಾಲು ಹೊರದೇಶಗಳಿಂದ ತರಿಸಿಕೊಳ್ಳುತ್ತೆ. ರಸಗೊಬ್ಬರಕ್ಕೂ ಅದೇ ಕಲ್ಲು ಬೇಕು.

ಇನ್ನೊಂದು ದಾರಿ ಫೈಟೇಸ್ ಕಿಣ್ವ. ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಂದ ತಯಾರಾಗುವ ಇದು ಫೈಟೇಟ್‌ನ ಬೀಗ ತೆಗೆದು ಒಳಗಿನ ರಂಜಕವನ್ನು ಕೋಳಿಗೆ ಸಿಗುವಂತೆ ಮಾಡುತ್ತೆ. 1991ರಲ್ಲಿ ಮಾರುಕಟ್ಟೆಗೆ ಬಂತು. ನೆದರ್‌ಲೆಂಡ್ಸ್‌ನಲ್ಲಿ ಜಾನುವಾರು ಗೊಬ್ಬರದ ರಂಜಕಕ್ಕೆ ಸರ್ಕಾರ ಮಿತಿ ಹಾಕಿದ್ದು ಅದರ ಬಳಕೆಗೆ ಬಲ ಕೊಟ್ಟಿತು. ಗ್ರಾಂಗೆ 5,000 ಯೂನಿಟ್ ಶಕ್ತಿಯ ಕಿಣ್ವವನ್ನು ಟನ್ ಮೇವಿಗೆ 100 ಗ್ರಾಂ ಹಾಕಿದರೆ, ಸುಮಾರು 6-7 ಕೆಜಿ ಡಿಸಿಪಿ ಉಳಿಸಬಹುದು.

ಷರತ್ತುಗಳಿವೆ. ಉಂಡೆ ಮೇವು ತಯಾರಿಸುವಾಗ ತಾಪಮಾನ 80 ಡಿಗ್ರಿ ದಾಟಿದರೆ, ಶಾಖ ತಡೆಯದ ಕಿಣ್ವ ಕೆಟ್ಟುಹೋಗುತ್ತೆ. ಸುಣ್ಣದ ಅಂಶ ಜಾಸ್ತಿಯಾದರೆ ಕೆಲಸ ಕುಗ್ಗುತ್ತೆ. ಮುಖ್ಯವಾಗಿ, ಕಿಣ್ವ ಹಾಕಿದ ಮೇಲೆ ಡಿಸಿಪಿ ಇಳಿಸಲೇಬೇಕು. ಇಳಿಸದಿದ್ದರೆ ಹಿಕ್ಕೆಗೆ ಹೋಗುವ ರಂಜಕ ಕಮ್ಮಿಯಾಗಲ್ಲ.

ಒಂದು ಶೆಡ್‌ನ ಲೆಕ್ಕ

5,000 ಕೋಳಿ, ತಲಾ 2 ಕೆಜಿ, ಕೆಜಿ ತೂಕಕ್ಕೆ 1.6 ಕೆಜಿ ಮೇವು ಅಂತಿಟ್ಟುಕೊಳ್ಳಿ. ಬ್ಯಾಚ್‌ಗೆ 16 ಟನ್ ಮೇವು. ಅದರಲ್ಲಿ ರಂಜಕ ಶೇ. 0.65 ಇದ್ದರೆ 104 ಕೆಜಿ. ಕೋಳಿಯ ಮೈಗೆ ಸೇರುವುದು ಹೆಚ್ಚುಕಮ್ಮಿ ಅರ್ಧ; ಉಳಿದ 50 ಕೆಜಿಯಷ್ಟು ಶೆಡ್‌ನ ಹೊಟ್ಟಿನಲ್ಲಿ. ಫೈಟೇಸ್ ಹಾಕಿ ಡಿಸಿಪಿ ಇಳಿಸಿದರೆ, ಆ ಉಳಿಕೆಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಬಹುದು.

ಹೊಟ್ಟು ಬೆರೆತ ಈ ಕೋಳಿ ಗೊಬ್ಬರ ತೋಟಕ್ಕೆ ಒಳ್ಳೆಯದೇ. ಆದರೆ ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಿಡಕ್ಕೆ ಸಿಗೋದು ಸ್ವಲ್ಪ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋದರೆ ರಂಜಕವೂ ಅದರ ಜೊತೆ ಹಳ್ಳ ಸೇರುತ್ತೆ. ಇಲ್ಲಿನ ಹಳ್ಳಗಳ ನೀರು ಕೊನೆಗೆ ಶೃಂಗೇರಿಯ ತುಂಗೆಗೆ, ಬಾಳೆಹೊನ್ನೂರಿನ ಭದ್ರೆಗೆ, ನರಸಿಂಹರಾಜಪುರದ ಹಿನ್ನೀರಿಗೆ. ನಿಂತ ನೀರಿನಲ್ಲಿ ರಂಜಕ ಹೆಚ್ಚಾದರೆ ಪಾಚಿ ಬೆಳೆಯುತ್ತೆ, ಮೀನಿಗೆ ಆಮ್ಲಜನಕ ಸಾಲದಾಗುತ್ತೆ.

ತೀರ್ಮಾನ ಯಾರದ್ದು, ನಷ್ಟ ಯಾರದ್ದು?

ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪನಿಯದ್ದು. ಶೆಡ್, ಕರೆಂಟು, ನೀರು, ದುಡಿಮೆ ರೈತನದ್ದು. ಆತನಿಗೆ ಸಿಗುವ ಸಾಕಣೆ ಕೂಲಿ, ಎಷ್ಟು ಮೇವಿಗೆ ಎಷ್ಟು ತೂಕ ಬಂತು ಮತ್ತು ಎಷ್ಟು ಕೋಳಿ ಸತ್ತವು ಅನ್ನೋದರ ಮೇಲೆ ನಿಂತಿದೆ. ಮೇವಿನ ಸೂತ್ರದಲ್ಲಿ ರಂಜಕ ತಪ್ಪಿದರೂ, ಕಿಣ್ವ ಶಾಖಕ್ಕೆ ಸತ್ತಿದ್ದರೂ ಕಾಲು ಸೊಟ್ಟಗಾಗೋದು ರೈತನ ಶೆಡ್‌ನಲ್ಲಿ. ಕೂಲಿ ಕಡಿತವೂ ಅವನಿಗೇ. ಸೂತ್ರ ಬರೆದವರು ಆ ಲೆಕ್ಕದಲ್ಲಿ ಕಾಣಿಸಲ್ಲ. ರಂಜಕ ಹೆಚ್ಚಾದರೆ ಗೊಬ್ಬರದ ಹೊಣೆಯೂ ಶೆಡ್ ಇದ್ದಲ್ಲೇ ಉಳಿಯುತ್ತೆ.

ಹಾಗಾಗಿ ಕೇಳಬೇಕಾದದ್ದು ಕಿಣ್ವ ಒಳ್ಳೆಯದೋ ಕೆಟ್ಟದೋ ಅಂತಲ್ಲ. ಕೋಳಿ ಮೇವಿಗೆ ಐಎಸ್ 1374 ಎಂಬ ಭಾರತೀಯ ಮಾನಕ ಇದೆ. ಚೀಲದ ಮೇಲೆ ಒಟ್ಟು ರಂಜಕ, ಕೋಳಿಗೆ ದಕ್ಕುವ ರಂಜಕ, ಫೈಟೇಸ್ ಯೂನಿಟ್ ಮೂರನ್ನೂ ಕನ್ನಡದಲ್ಲಿ ಬರೆಯಬೇಕು. ಕುಂಟು ಕಾಣಿಸಿಕೊಂಡರೆ ಅದೇ ಬ್ಯಾಚ್‌ನ ಮೇವನ್ನು ಕಂಪನಿಯದ್ದಲ್ಲದ ಲ್ಯಾಬ್‌ನಲ್ಲಿ ಪರೀಕ್ಷಿಸುವ ಹಕ್ಕು ಕರಾರಿನಲ್ಲಿರಬೇಕು. ದೋಷ ಮೇವಿನದ್ದಾದರೆ ಕೂಲಿ ಕಡಿತ ಕೂಡದು. ತೋಟಕ್ಕೆ ಕೋಳಿ ಗೊಬ್ಬರ ಹಾಕುವವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಮಳೆ ಜೋರಾಗುವ ಮುನ್ನ ಸುರಿಯೋದನ್ನು ಬಿಡಬೇಕು.