ಉಸ್ತಾದರ ಕಿವಿ ಮತ್ತು ತ್ರೈರಾಶಿ ಲೆಕ್ಕ
(ಎಂಜಿನ್ನಿಗೆ ಇಂಧನ ಉಣಿಸುವ ವಿದ್ಯೆಯ ಇತಿಹಾಸ)



ಉರ್ದುವಿನಲ್ಲಿ ‘ಉಸ್ತಾದ್’ ಎಂದರೆ ಗುರು. ನಮ್ಮ ಬೆಂಗಳೂರಿನ ಗ್ಯಾರೇಜುಗಳಲ್ಲಿ ಹಿರಿಯ ಮೆಕ್ಯಾನಿಕ್‌ರನ್ನೂ ಇದೇ ಹೆಸರಿನಿಂದ ಕರೆಯುವುದುಂಟು. ಎಂಜಿನ್ನಿಗೆ ಇಂಧನ ಉಣಿಸುವ ವಿದ್ಯೆಯ ಇತಿಹಾಸವನ್ನು ನೋಡಿದರೆ, ಶಾಲೆಯ ಗುರುವಿಗೂ ಗ್ಯಾರೇಜಿನ ಗುರುವಿಗೂ ಒಂದೇ ಪದವಿರುವುದು ಎಷ್ಟು ಸರಿ ಎಂಬುದು ತಿಳಿಯುತ್ತದೆ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ, ಹಣ ವ್ಯರ್ಥ. ಎಂಜಿನ್ ಭಾರ ಎಳೆಯುವಾಗ ಕಡಿಮೆಯಾದರೆ ಶಾಖವೇರಿ ಪಿಸ್ಟನ್ ಕರಗುವ ಅಪಾಯವಿದೆ. ಕಾರ್ಬ್ಯುರೇಟರ್ ಕಾಲದಲ್ಲಿ ಈ ಅಳತೆಯನ್ನು ‘ಜೆಟ್’ ಎಂಬ ಸಣ್ಣ ರಂಧ್ರವೂ ಒಂದೆರಡು ಸ್ಕ್ರೂಗಳೂ ನಿರ್ಧರಿಸುತ್ತಿದ್ದವು. ಉಸ್ತಾದರು ಸ್ಕ್ರೂ ತಿರುಗಿಸಿ ಶಬ್ದ ಕೇಳುತ್ತಿದ್ದರು. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದರು. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಬಿಸ್ಕತ್ತಿನ ಬಣ್ಣವಿದ್ದರೆ ಸರಿ.

ಇಂಧನವನ್ನು ಅಳೆದು ಚಿಮ್ಮಿಸುವ ಪದ್ಧತಿ ಮೊದಲು ಬೆಳೆದದ್ದು ಡೀಸೆಲ್ ಎಂಜಿನ್ನಿನಲ್ಲಿ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿದಾಗ ಇಂಧನವನ್ನು ಒಳಗೆ ನುಗ್ಗಿಸಲು ಒತ್ತಡದ ಗಾಳಿ ಬೇಕಾಗಿತ್ತು. ಆ ಸಲಕರಣೆ ಲಾರಿಗೆ ತೀರ ಭಾರವಾಗಿತ್ತು. 1927ರಲ್ಲಿ ಬಾಷ್ ಕಂಪನಿಯು ಚಿಕ್ಕ ಇಂಜೆಕ್ಷನ್ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ ರಸ್ತೆಗೆ ಇಳಿಯುವುದು ಸುಲಭವಾಯಿತು.

ಈ ವಿದ್ಯೆ ನಮ್ಮ ಊರಿಗೂ ಬೇಗನೆ ಬಂತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಮೈಕೋ’, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಇಂಥ ಪಂಪುಗಳನ್ನು ರಿಪೇರಿ ಮಾಡುವವರು ಅವುಗಳನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ, ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲನ್ನು ಗುರುತು ಹಾಕಿದ ಗಾಜಿನ ಕೊಳವೆಗಳಲ್ಲಿ ಹಿಡಿದು ಹೋಲಿಸುತ್ತಿದ್ದರು. ಕಿವಿಯ ಜೊತೆಗೆ ಅಂಕಿಯೂ ಅಂದೇ ಗ್ಯಾರೇಜಿನೊಳಗೆ ಕಾಲಿಟ್ಟಿತ್ತು.

ಪೆಟ್ರೋಲ್ ಕಾರಿನಲ್ಲಿ ವಿದ್ಯುನ್ಮಾನ ಇಂಜೆಕ್ಷನ್ ವ್ಯಾಪಕವಾದದ್ದು 1967ರ ನಂತರ. ಆ ವರ್ಷ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಾಷ್‌ನ ‘ಡಿ-ಜೆಟ್ರಾನಿಕ್’ ಅಳವಡಿಸಲಾಯಿತು. 1976ರಲ್ಲಿ ವೋಲ್ವೋ ಕಾರಿನ ಹೊಗೆ ಕೊಳವೆಯಲ್ಲಿ ‘ಲ್ಯಾಂಬ್ಡಾ ಸೆನ್ಸರ್’ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಮಿಶ್ರಣ ಸರಿಯಿದೆಯೇ ಎಂದು ಹೇಳುವುದು ಅದರ ಕೆಲಸ. ಉಸ್ತಾದರು ಪ್ಲಗ್ ನೋಡಿ ಹೇಳುತ್ತಿದ್ದುದನ್ನು ಅದು ಎಂಜಿನ್ ಓಡುತ್ತಿರುವಾಗಲೇ ಹೇಳುತ್ತದೆ.

ಭಾರತದಲ್ಲಿ 2000ದ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮಗಳು ಬಂದವು. ಆ ಸುಮಾರಿಗೆ ಕಾರುಗಳ ಹಿಂಬದಿಯಲ್ಲಿ ‘ಎಂ.ಪಿ.ಎಫ್.ಐ.’ ಎಂಬ ಅಕ್ಷರಗಳು ಕಾಣಿಸಿಕೊಂಡವು. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಜಾರಿಯಾದಾಗ ಹೊಸ ಬೈಕು, ಸ್ಕೂಟರುಗಳಿಂದಲೂ ಕಾರ್ಬ್ಯುರೇಟರ್ ಬಹುತೇಕ ಮರೆಯಾಯಿತು. ಸ್ಕ್ರೂ ತಿರುಗಿಸುವುದನ್ನಷ್ಟೇ ಕಲಿತ ಹುಡುಗನಿಗೆ ಹೊಸ ಬೈಕಿನಲ್ಲಿ ತಿರುಗಿಸಲು ಆ ಸ್ಕ್ರೂ ಇಲ್ಲ!

ಹಾಗಾದರೆ ಟ್ಯೂನಿಂಗ್ ವಿದ್ಯೆ ಸತ್ತುಹೋಯಿತೇ? ಇಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಗಿಂತ ಮುಂಚೆ ಸಿಗುವ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ‘ಅಶ್ವ ರೇಸಿಂಗ್’ ತಂಡವನ್ನು ಕಟ್ಟಿದರು. ಇಂಥ ತಂಡಗಳು ಭಾಗವಹಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ, ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ಒಂದೇ ರಂಧ್ರದ ಮೂಲಕ ಹೋಗಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಬೈಕಿನ ಎಂಜಿನ್ನನ್ನೇ ಮಾರ್ಪಡಿಸಿ ಬಳಸುತ್ತಾರೆ. ಗಾಳಿ ಬದಲಾದ ಮೇಲೆ ಕಂಪನಿ ಬರೆದ ಇಂಧನ ಕೋಷ್ಟಕ ಹೊಂದುವುದಿಲ್ಲ; ಅದನ್ನು ಹೊಸದಾಗಿ ಬರೆಯಬೇಕು.

ಈ ಕೋಷ್ಟಕ ನಮ್ಮ ಮಗ್ಗಿ ಪುಸ್ತಕದಂತೆಯೇ. ಒಂದು ಕಡೆ ಎಂಜಿನ್ನಿನ ವೇಗ, ಇನ್ನೊಂದು ಕಡೆ ಅದರ ಮೇಲಿನ ಭಾರ. ಪ್ರತಿ ಮನೆಯಲ್ಲಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕು ಎಂಬ ಅಂಕಿ. ಪೂರ್ಣ ಶಕ್ತಿಗೆ ಗಾಳಿಯ ಪಾಲು 12.5 ಬೇಕು, ಮೀಟರ್ 14 ತೋರಿಸುತ್ತಿದೆ, ಇಂಜೆಕ್ಟರ್ 8 ಮಿಲಿಸೆಕೆಂಡು ತೆರೆಯುತ್ತಿದೆ ಎನ್ನಿ. 8ನ್ನು 14ರಿಂದ ಗುಣಿಸಿ 12.5ರಿಂದ ಭಾಗಿಸಿದರೆ ಸುಮಾರು 9 ಮಿಲಿಸೆಕೆಂಡು. ನೀವು ಶಾಲೆಯಲ್ಲಿ ಕಲಿತ ತ್ರೈರಾಶಿಯಲ್ಲವೇ ಇದು? ಅಂಕಿ ಬದಲಿಸಿ, ಮತ್ತೆ ಓಡಿಸಿ, ಮತ್ತೆ ಅಳೆಯಬೇಕು. ಆಗಲೂ ಎಂಜಿನ್ನಿನೊಳಗಿನ ‘ಟಕ ಟಕ’ ಸದ್ದನ್ನು ಗುರುತಿಸುವ ಕಿವಿ ಬೇಕೇ ಬೇಕು.

ಒಂದು ಎಚ್ಚರಿಕೆಯ ಮಾತು: ರೇಸಿನ ಅಂಗಳ ಬೇರೆ, ಊರಿನ ರಸ್ತೆ ಬೇರೆ. ರಸ್ತೆಯ ವಾಹನವನ್ನು ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ.

ವಿದ್ಯಾರ್ಥಿ ಮಿತ್ರರೇ, ಗ್ಯಾರೇಜಿನ ಕೆಲಸಕ್ಕೆ ಓದು ಯಾಕೆ ಎಂದು ಎಸ್.ಎಸ್.ಎಲ್.ಸಿ.ಗೆ ಮುಂಚೆಯೇ ಶಾಲೆ ಬಿಡುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಇತಿಹಾಸವನ್ನು ಹೇಳಿ. ಕೈಕಸುಬು ಕೀಳಲ್ಲ. ಆದರೆ ಇಂದು ಆ ಕಸುಬು ಅಂಕಿಯ ಭಾಷೆಯಲ್ಲಿ ಮಾತನಾಡುತ್ತಿದೆ. ಉಸ್ತಾದರ ಕಿವಿಗೆ ಶಾಲೆಯ ಲೆಕ್ಕ ಜೊತೆಯಾದರೆ ಆ ವಿದ್ಯೆ ನಮ್ಮ ಮನೆಗಳಲ್ಲೇ ಉಳಿಯುತ್ತದೆ. ಇಲ್ಲವಾದರೆ ತಂದೆ ನಡೆಸಿದ ಗ್ಯಾರೇಜಿನಲ್ಲಿ ಮಗ ವಾಹನ ತೊಳೆಯುವುದಕ್ಕಷ್ಟೇ ಉಳಿದಾನು.