ಚೀನಾದೇಶದಲ್ಲಿ ಗೌತಮ ಕುಲನಾಮ

ಮನುಷ್ಯನು ಒಂದು ದೇಶವನ್ನು ಬಿಟ್ಟು ಮತ್ತೊಂದು ದೇಶಕ್ಕೆ ಹೋಗಿ ನೆಲೆಸುವಾಗ ತನ್ನೊಡನೆ ಕೊಂಡೊಯ್ಯುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹಗುರವಾದುದು ಅವನ ಹೆಸರು. ಹಣವು ವೆಚ್ಚವಾಗುತ್ತದೆ, ಉಡುಗೆಯು ಬದಲಾಗುತ್ತದೆ, ತಾಯಿನುಡಿಯು ಕೆಲವು ತಲೆಮಾರುಗಳಲ್ಲಿ ಮರೆತುಹೋಗುತ್ತದೆ. ಹೆಸರಾದರೋ ಇವೆಲ್ಲವೂ ಕಳೆದ ಮೇಲೆಯೂ ಉಳಿದು, ವಂಶದ ಮೂಲವನ್ನು ಮೆಲ್ಲಗೆ ಸೂಚಿಸುತ್ತಿರುತ್ತದೆ. ಅಂತಹ ಒಂದು ಹೆಸರಿನ ಚರಿತ್ರೆಯನ್ನು ನಾವು ಈ ದಿನ ವಿಚಾರಮಾಡೋಣ. ಅದು ಚೀನೀಯರಲ್ಲಿ ಅತಿ ವಿರಳವಾಗಿದ್ದ ಚೂತಾನ್ ಎಂಬ ಕುಲನಾಮ.

ಚೀನೀಯರಲ್ಲಿ ಕುಲನಾಮವು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಅನಂತರ ಬರುತ್ತದೆ. ಕುಲನಾಮವು ಸಾಮಾನ್ಯವಾಗಿ ಒಂದೇ ಅಕ್ಷರದ್ದು. ಓಯಾಂಗ್, ಸಿಮಾ ಮುಂತಾದ ಎರಡಕ್ಷರದವು ಕೆಲವೇ. ನಮ್ಮಲ್ಲಿ ಸಗೋತ್ರ ವಿವಾಹವು ಹೇಗೆ ನಿಷಿದ್ಧವೋ ಹಾಗೆಯೇ ಪ್ರಾಚೀನ ಚೀನಾದಲ್ಲಿ ಒಂದೇ ಕುಲನಾಮದವರ ವಿವಾಹವೂ ನಿಷಿದ್ಧವಾಗಿದ್ದಿತು. ಕ್ರಿ.ಶ. 618ರಿಂದ 907ರವರೆಗೆ ಆಳಿದ ತಾಂಗ್ ವಂಶದ ಧರ್ಮಸಂಹಿತೆಯು ಈ ಅಪರಾಧಕ್ಕೆ ಎರಡು ವರ್ಷಗಳ ಶ್ರಮಶಿಕ್ಷೆಯನ್ನು ವಿಧಿಸಿದ್ದಿತು. ಆದುದರಿಂದ ಆ ದೇಶದಲ್ಲಿ ಕುಲನಾಮವೆಂಬುದು ಬರಿಯ ಅಲಂಕಾರವಲ್ಲ, ಮನುಷ್ಯನು ಎಲ್ಲಿಗೆ ಸೇರಿದವನೆಂಬುದನ್ನು ನಿಶ್ಚಯಿಸುವ ಗುರುತು.

ಹೊರಗಿನಿಂದ ಬಂದವರಿಗೆ ಹೆಸರಿಡುವುದರಲ್ಲಿ ಒಂದು ರೂಢಿಯಿದ್ದಿತು. ಬುಖಾರದ ಕಡೆಯವರು ಆನ್ ಎಂಬ ಕುಲನಾಮವನ್ನೂ, ಸಮರ್‌ಖಂದದವರು ಕಾಂಗ್ ಎಂಬುದನ್ನೂ ಧರಿಸಿದರು. ಹಿಂದೂದೇಶಕ್ಕೆ ಚೀನೀಯರು ತಿಯಾನ್‌ಜು ಎನ್ನುತ್ತಿದ್ದುದರಿಂದ, ಇಲ್ಲಿಂದ ಹೋದ ಭಿಕ್ಷುಗಳಿಗೆ ಜು ಎಂಬ ಹೆಸರು ಅಂಟಿಕೊಂಡಿತು. ಹೀಗೆ ಬಂದವರ ದೇಶವೇ ಅವರ ಕುಲವಾಗುತ್ತಿದ್ದಿತು. ಚೂತಾನರ ಮನೆತನವು ಇದಕ್ಕೆ ಅಪವಾದ. ಅವರು ತಮ್ಮ ದೇಶದ ಹೆಸರನ್ನು ಧರಿಸದೆ ತಮ್ಮ ಕುಲದ ಹೆಸರನ್ನೇ ಚೀನೀ ಅಕ್ಷರಗಳಲ್ಲಿ ಬರೆಸಿಕೊಂಡರು. ಇಂದು ಚೂತಾನ್ ಎಂದು ಉಚ್ಚರಿಸಲ್ಪಡುವ ಈ ಎರಡು ಅಕ್ಷರಗಳನ್ನು ತಾಂಗರ ಕಾಲದಲ್ಲಿ ಹೆಚ್ಚುಕಡಿಮೆ ಗುದಂ ಎಂಬಂತೆ ಉಚ್ಚರಿಸುತ್ತಿದ್ದರು. ಅದು ಗೌತಮ ಶಬ್ದವೇ ಎಂಬುದು ಒಡನೆಯೇ ತಿಳಿಯುತ್ತದೆ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪ್ರವರ ಹೇಳುವಾಗ ಉಚ್ಚರಿಸುವ ಗೋತ್ರನಾಮವೂ ಇದೇ. ಚೀನೀ ಗ್ರಂಥಗಳಲ್ಲಿ ಬುದ್ಧದೇವನಿಗೂ ಚೂತಾನ್ ಎಂಬ ಹೆಸರುಂಟು.

ಈ ಮನೆತನದವರು ಪೂಜಾರಿಗಳಲ್ಲ, ವರ್ತಕರೂ ಅಲ್ಲ. ಅವರ ವೃತ್ತಿಯು ಜ್ಯೋತಿಷ, ಎಂದರೆ ಗ್ರಹಗಣಿತ. ಪಂಚಾಂಗವನ್ನು ಸಿದ್ಧಪಡಿಸುವುದು ಚೀನಾದಲ್ಲಿ ಚಕ್ರವರ್ತಿಯ ವಿಶೇಷಾಧಿಕಾರವಾಗಿದ್ದಿತು. ಖಗೋಳದ ಯಂತ್ರಗಳನ್ನೂ ಗ್ರಂಥಗಳನ್ನೂ ಖಾಸಗಿ ಜನರು ಇಟ್ಟುಕೊಳ್ಳುವುದು ದಂಡನೀಯವಾಗಿದ್ದಿತು. ಇಷ್ಟು ಗೋಪ್ಯವಾದ ಇಲಾಖೆಯೊಳಕ್ಕೆ ಹೊರದೇಶದ ಮೂಲದವರನ್ನು ಸೇರಿಸಿಕೊಂಡು, ಅದರ ಅಧ್ಯಕ್ಷಪದವಿಯನ್ನೇ ಅವರಿಗೆ ಒಪ್ಪಿಸಿದುದು ತಾಂಗ್ ಸಾಮ್ರಾಜ್ಯದ ಔದಾರ್ಯಕ್ಕೆ ಒಂದು ನಿದರ್ಶನ. 764ರಲ್ಲಿ ಯಾಂಗ್ ಜಿಂಗ್‌ಫೆಂಗ್ ಎಂಬ ಪಂಡಿತನು ಬರೆದ ವ್ಯಾಖ್ಯಾನದಿಂದ ಕಾಶ್ಯಪ, ಗೌತಮ, ಕುಮಾರ ಎಂಬ ಮೂರು ಹಿಂದೂ ಮನೆತನಗಳು ಆ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತಿದ್ದುವೆಂದೂ, ಹೆಚ್ಚಾಗಿ ಬಳಕೆಯಲ್ಲಿದ್ದುದು ಗೌತಮರ ಪದ್ಧತಿಯೆಂದೂ ತಿಳಿದುಬರುತ್ತದೆ.

ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವವನು ಚೂತಾನ್ ಲುವೊ. 665ರಲ್ಲಿ ಲೀ ಚುನ್‌ಫೆಂಗ್ ಎಂಬ ಪ್ರಸಿದ್ಧ ಗಣಿತಜ್ಞನ ಪಂಚಾಂಗವು ಜಾರಿಗೆ ಬಂದಾಗ, ಅದರೊಡನೆ ತಾಳೆನೋಡಲು ಲುವೊ ರಚಿಸಿದ ಪಂಚಾಂಗವೂ ಉಪಯೋಗವಾಯಿತು. 698ರಲ್ಲಿ ಸಾಮ್ರಾಜ್ಞಿ ವೂ ಹೊಸ ಪಂಚಾಂಗವೊಂದನ್ನು ರಚಿಸುವಂತೆ ಅವನಿಗೇ ಅಪ್ಪಣೆಮಾಡಿದಳು. ಲುವೊವಿನ ಅನಂತರ ಈ ಕುಲದಲ್ಲಿ ಸುಪ್ರಸಿದ್ಧನಾದವನು ಚೂತಾನ್ ಶೀದಾ. ಶೀದಾ ಎಂಬುದು ಸಿದ್ಧ ಎಂಬ ಸಂಸ್ಕೃತ ಪದದ ಚೀನೀ ರೂಪ. 718ರಲ್ಲಿ ಶ್ವೆನ್‌ಜುಂಗ್ ಚಕ್ರವರ್ತಿಯ ಆಜ್ಞೆಯಂತೆ ಅವನು ಹಿಂದೂ ಗಣಿತದ ಒಂದು ಗ್ರಂಥವನ್ನು ಚೀನೀ ಭಾಷೆಗೆ ತಂದನು. ಅದರ ಹೆಸರು ಜ್ಯೂಝಿ ಲೀ. ಇದರ ಅಕ್ಷರಾರ್ಥವು ಒಂಬತ್ತು ಹಿಡಿಯುವವರ ಪಂಚಾಂಗ ಎಂದು. ಗ್ರಹ ಎಂಬ ಶಬ್ದಕ್ಕೆ ಹಿಡಿಯುವುದು ಎಂಬ ಧಾತ್ವರ್ಥವಿರುವುದನ್ನು ಬಲ್ಲ ನಮಗೆ ಇದು ನವಗ್ರಹ ಪಂಚಾಂಗವೆಂದು ತಿಳಿಯಲು ಕಷ್ಟವಿಲ್ಲ. ಚೀನೀಯರು ವೃತ್ತವನ್ನು ಸುಮಾರು ಮುನ್ನೂರ ಅರವತ್ತೈದೂಕಾಲು ಭಾಗಗಳಾಗಿ ವಿಭಜಿಸುತ್ತಿದ್ದರು. ಈ ಗ್ರಂಥದಲ್ಲಿ 360 ಅಂಶಗಳು ಬಂದುವು. 3438ರ ತ್ರಿಜ್ಯಕ್ಕೆ 24 ಜ್ಯಾಗಳ ಪಟ್ಟಿಯು ಬಂದಿತು. ಒಂಬತ್ತು ಅಂಕೆಗಳನ್ನೂ, ಬರಿದಾದ ಸ್ಥಾನದಲ್ಲಿ ಇಡಬೇಕಾದ ಬಿಂದುವನ್ನೂ ಅದು ವಿವರಿಸಿತು. ಆದರೆ ಚೀನೀ ಗಣಕರು ಕಡ್ಡಿಗಳನ್ನು ಜೋಡಿಸಿ ಲೆಕ್ಕಮಾಡುವವರು. ಬರೆದು ಮಾಡುವ ಈ ಲೆಕ್ಕವು ಅವರಿಗೆ ಒಗ್ಗಲಿಲ್ಲ. ಬಿಂದುವು ಗ್ರಂಥದಲ್ಲಿಯೇ ಉಳಿಯಿತು.

ಇನ್ನು ಈ ಮನೆತನದ ಗೌರವವು ಪರೀಕ್ಷೆಗೆ ಒಳಗಾದ ಪ್ರಸಂಗ. ಯೀಶಿಂಗ್ ಎಂಬ ಬೌದ್ಧ ಭಿಕ್ಷುವು ರಚಿಸಿದ ದಾಯೆನ್ ಪಂಚಾಂಗವು 729ರಲ್ಲಿ ಜಾರಿಗೆ ಬಂದಿತು. ಅದರ ರಚನೆಯಲ್ಲಿ ಶೀದಾನ ಮಗನಾದ ಚೂತಾನ್ ಜುವಾನ್‌ಗೆ ಪಾತ್ರವಿರಲಿಲ್ಲ. 733ರಲ್ಲಿ ಅವನು ಇತರರೊಡನೆ ಸೇರಿ, ದಾಯೆನ್ ಪಂಚಾಂಗವು ನವಗ್ರಹ ಪಂಚಾಂಗದ ನಕಲೆಂದೂ, ಆ ನಕಲೂ ಅಪೂರ್ಣವೆಂದೂ ಚಕ್ರವರ್ತಿಗೆ ದೂರಿತ್ತನು. ಆಸ್ಥಾನದವರು ವಂಶವನ್ನಾಗಲಿ ಗ್ರಂಥದ ಪ್ರಾಚೀನತೆಯನ್ನಾಗಲಿ ನೋಡಲಿಲ್ಲ; ವೇಧಶಾಲೆಯ ದಾಖಲೆಗಳನ್ನು ತರಿಸಿ ಮೂರು ಪಂಚಾಂಗಗಳ ಗಣಿತವನ್ನು ಕಂಡದ್ದರೊಡನೆ ಹೋಲಿಸಿದರು. ಹತ್ತರಲ್ಲಿ ಏಳೆಂಟು ಸಲ ದಾಯೆನ್ ಸರಿಹೊಂದಿತು; ಲೀ ಚುನ್‌ಫೆಂಗನದು ಮೂರು ನಾಲ್ಕು ಸಲ; ನವಗ್ರಹ ಪಂಚಾಂಗವು ಒಂದೆರಡು ಸಲ ಮಾತ್ರ. ದೂರಿತ್ತವರು ಶಿಕ್ಷೆಗೆ ಗುರಿಯಾದರು. ಹಿಂದೂದೇಶದ ವಿದ್ಯೆಯು ಹೋದೆಡೆಯಲ್ಲೆಲ್ಲ ಗೆದ್ದಿತೆಂದು ಹೇಳಿಕೊಳ್ಳುವ ಆಸೆಯು ನಮಗೆ ಸಹಜವೇ. ಆದರೆ ಈ ವಿವಾದದಲ್ಲಿ ತೀರ್ಪು ಕೊಟ್ಟದ್ದು ಆಕಾಶ; ಅದನ್ನು ಮರೆಮಾಚುವುದು ಗೌತಮರ ವೃತ್ತಿಗೇ ಅಪಚಾರವಾದೀತು.

ಸೋತ ಮನೆತನವು ಮೂಲೆಗುಂಪಾಗಲಿಲ್ಲವೆಂಬುದು ಗಮನಿಸತಕ್ಕ ಅಂಶ. 755ರಲ್ಲಿ ಆರಂಭವಾದ ಆನ್ ಲುಷಾನನ ದಂಗೆಯಿಂದ ರಾಜ್ಯವು ತತ್ತರಿಸಿದ ಮೇಲೆ, ಜುವಾನ್ ಕ್ರಮೇಣ ಮೇಲಕ್ಕೇರಿ ಖಗೋಳ ಇಲಾಖೆಯ ಅಧ್ಯಕ್ಷನಾಗಿ 776ರಲ್ಲಿ ತೀರಿಕೊಂಡನು. ಅವನ ಗೋರಿಯು 1977ರಲ್ಲಿ ಶಿಆನ್ ನಗರದ ಬಳಿ ಚಾಂಗಾನ್ ಪ್ರಾಂತದಲ್ಲಿ ದೊರೆಯಿತು. ಅದರಲ್ಲಿದ್ದ ಶಿಲಾಲೇಖವು ಈ ವಂಶಾವಳಿಯನ್ನು ನಮಗೆ ಒದಗಿಸಿದೆ. ರಾಜವಂಶದ ಚರಿತ್ರೆಗಳಲ್ಲಿ ಬಿಡಿಬಿಡಿಯಾಗಿದ್ದ ಹೆಸರುಗಳು ಆ ಕಲ್ಲಿನ ಮೇಲೆ ಒಂದೇ ಮನೆಯ ತಲೆಮಾರುಗಳಾಗಿ ಜೋಡಣೆಗೊಂಡುವು: ಯೀ, ಅವನ ಮಗ ಲುವೊ, ಅವನ ಮಗ ಶೀದಾ, ಅವನ ಮಗ ಜುವಾನ್, ಜುವಾನನ ಆರು ಮಂದಿ ಗಂಡುಮಕ್ಕಳು. ವಂಶದ ಮೂಲವು ಮಧ್ಯ ಹಿಂದೂದೇಶವೆಂದೂ, ಈಗ ಅವರು ರಾಜಧಾನಿಯ ಪ್ರಾಂತದವರೆಂದೂ ಲೇಖವು ಸಾರುತ್ತದೆ.

ಹೆಸರುಗಳೇ ಈ ಪರಿವರ್ತನೆಯನ್ನು ಹೇಳುತ್ತವೆ. ಸಿದ್ಧನ ಹೆಸರು ಸಂಸ್ಕೃತದ್ದು; ಅವನ ಮಗನ ಹೆಸರು ಒಂದಕ್ಷರದ ಅಚ್ಚ ಚೀನೀ ಹೆಸರು. ಮೊಮ್ಮಕ್ಕಳಿಗೆ ಶೆಂಗ್, ಬಿಯಾನ್, ಯೂ, ಹ್ವಾಂಗ್, ಯಾನ್, ಮಾವೊ ಎಂದು ಹೆಸರಿಟ್ಟರು. ಸಹೋದರರ ಹೆಸರುಗಳಲ್ಲಿ ಒಂದೇ ಅಕ್ಷರಾಂಗವನ್ನು ಬಳಸುವುದು ಚೀನೀ ಕುಲೀನರ ಪದ್ಧತಿ. ಈ ಆರೂ ಅಕ್ಷರಗಳಲ್ಲಿ ಸೂರ್ಯನ ಚಿಹ್ನೆಯುಂಟು. ಕಡೆಯ ಮಗನ ಹೆಸರಾದ ಮಾವೊ ಎಂಬುದು ನಾವು ಕೃತ್ತಿಕಾ ಎನ್ನುವ ನಕ್ಷತ್ರಪುಂಜದ ಚೀನೀ ಹೆಸರು. ಮಾತು, ಮರ್ಯಾದೆ, ನಾಮಕರಣಗಳೆಲ್ಲ ಚೀನೀಯವಾದುವು. ಕುಲನಾಮವೂ ಕಸುಬೂ ಮಾತ್ರ ಹಾಗೆಯೇ ಉಳಿದುವು. ಆರು ಮಂದಿಯಲ್ಲಿ ಯಾನ್ ಎಂಬವನು ತಂದೆಯ ಇಲಾಖೆಯಲ್ಲಿಯೇ ಅಧಿಕಾರಿಯಾದನು.

ಅನಂತರ ಈ ಕುಲನಾಮವು ಚರಿತ್ರೆಯಿಂದ ಮರೆಯಾಗುತ್ತದೆ. ಚೀನಾದಲ್ಲಿ ಎರಡಕ್ಷರದ ಕುಲನಾಮಗಳು ಕಾಲಕ್ರಮದಲ್ಲಿ ಒಂದಕ್ಷರಕ್ಕೆ ಇಳಿಯುವುದು ವಾಡಿಕೆ. 496ರಲ್ಲಿ ಉತ್ತರ ವೇ ವಂಶದ ಅರಸನು ತನ್ನ ಕುಲದ ತುವೊಬಾ ಎಂಬ ಹೆಸರನ್ನೇ ಯುವಾನ್ ಎಂದು ಬದಲಾಯಿಸಿದ್ದನು. ಚೂತಾನ್ ಎಂಬುದರ ಮೊದಲ ಅಕ್ಷರವಾದ ಚೂ ಇಂದಿಗೂ ಚೀನಾದಲ್ಲಿ ಕುಲನಾಮವಾಗಿ ಬಳಕೆಯಲ್ಲಿದೆ. ಹಾಗೆಂದು ಚೂ ಮನೆತನದವರೆಲ್ಲರೂ ಗೌತಮರೆನ್ನುವುದು ಸಾಹಸವಾದೀತು. ಅವರಲ್ಲಿ ಕನ್ಫ್ಯೂಷಿಯಸನ ಶಿಷ್ಯನೊಬ್ಬನಿಂದ ತಮ್ಮ ಕುಲವನ್ನು ಗಣಿಸುವವರುಂಟು. ಅಕ್ಷರಸಾಮ್ಯವು ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ.

ಶೀದಾ ಸಂಕಲಿಸಿದ ಕೈಯುವಾನ್ ಜಾನ್‌ಜಿಂಗ್ ಎಂಬ 120 ಸಂಪುಟಗಳ ಮಹಾಗ್ರಂಥದೊಳಗೆ ನವಗ್ರಹ ಪಂಚಾಂಗವೂ ಅಡಗಿದ್ದಿತು. ಶತಮಾನಗಳ ಕಾಲ ಆ ಗ್ರಂಥವು ಜನರ ಕಣ್ಣಿಗೆ ಬೀಳಲಿಲ್ಲ. 1616ರಲ್ಲಿ ಚೆಂಗ್ ಮಿಂಗ್‌ಶಾನ್ ಎಂಬಾತನು ಹಳೆಯ ಬುದ್ಧವಿಗ್ರಹವೊಂದಕ್ಕೆ ಚಿನ್ನದ ಲೇಪ ಮಾಡಿಸುತ್ತಿದ್ದಾಗ, ವಿಗ್ರಹದ ಹೊಟ್ಟೆಯೊಳಗೆ ಅದರ ಪ್ರತಿಯೊಂದು ದೊರೆಯಿತು. ಒಬ್ಬ ಗೌತಮನ ಗ್ರಂಥವನ್ನು ಮತ್ತೊಬ್ಬ ಗೌತಮನ ಪ್ರತಿಮೆಯು ಕಾಪಾಡಿದಂತಾಯಿತು. ಪ್ರಾಚೀನ ಚೀನೀ ಖಗೋಳಜ್ಞರಾದ ಶೀ ಶೆನ್, ಗಾನ್ ದೆ ಇವರ ನಕ್ಷತ್ರಪಟ್ಟಿಗಳ ಭಾಗಗಳೂ ಅದರಲ್ಲಿ ಉಳಿದುಬಂದಿವೆ. ಹಿಂದೂದೇಶದ ಹೆಸರನ್ನು ಹೊತ್ತ ಮನೆತನವು ತಾನು ಸೇರಿದ ನಾಡಿನ ಹಳೆಯ ವಿದ್ಯೆಯನ್ನೂ ಉಳಿಸಿಕೊಟ್ಟಿತು. ಪರನಾಡಿಗೆ ಹೋದ ಕುಲವೊಂದು ಆ ನಾಡಿನ ಋಣವನ್ನು ಇದಕ್ಕಿಂತ ಚೆನ್ನಾಗಿ ತೀರಿಸಲಾರದೆಂದು ನಾವು ಭಾವಿಸುತ್ತೇವೆ.