ಬೌಲಿಂಗ್ ತೆರೆದ ಬಾಗಿಲು

ಬೆಳಗಿನ ಐದೂವರೆಯ ಹೊತ್ತಿಗೆ ಡೊಂಬಿವಲಿ ನಿಲ್ದಾಣದಲ್ಲಿ ನಿಂತವರಿಗೆ ಈ ನೋಟ ಹೊಸದಲ್ಲ. ತನಗಿಂತ ದೊಡ್ಡದಾದ ಚೀಲವನ್ನು ಬೆನ್ನಿಗೇರಿಸಿಕೊಂಡ ಹದಿನಾಲ್ಕು ಹದಿನೈದರ ಹುಡುಗ ಲೋಕಲ್ ಗಾಡಿಗಾಗಿ ಕಾದಿರುತ್ತಾನೆ. ಪಕ್ಕದಲ್ಲಿ ನಿದ್ದೆಗಣ್ಣಿನ ತಂದೆ. ಇಂಥ ತಂದೆತಾಯಂದಿರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಅವರು ಕೇಳುವ ಪ್ರಶ್ನೆ ಒಂದೇ: “ಹುಡುಗ ಚೆನ್ನಾಗಿ ಬೌಲಿಂಗ್ ಮಾಡುತ್ತಾನೆ. ಇದರಿಂದ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕೀತೆ? ಇಲ್ಲಾ, ಇದ್ದ ಓದೂ ಕೆಟ್ಟೀತೆ?” ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಇಲ್ಲಿಯ ಕ್ರಿಕೆಟ್ಟಿನ ಇತಿಹಾಸವನ್ನೊಮ್ಮೆ ತಿರುವಿ ನೋಡಿದೆವು.

ಈ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ದೂರದ ಥಾಣೆಯನ್ನು ತಲುಪಿತು. ಮುಂದೆ ಅದೇ ಹಳಿ ಕಲ್ಯಾಣಕ್ಕೂ ಬಂತು. ಆ ಶತಮಾನ ಮುಗಿಯುವ ಮೊದಲೇ ಮುಂಬಯಿಯ ಶಾಲಾ ಬಾಲಕರಿಗಾಗಿ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿ ಆರಂಭವಾಗಿತ್ತು. ಇನ್ನೂ ಚಿಕ್ಕವರಿಗಾಗಿ ಗೈಲ್ಸ್ ಶೀಲ್ಡ್ ಬಂತು. ವಿಶ್ವವಿದ್ಯಾಲಯಗಳ ನಡುವಣ ರೋಹಿಂಟನ್ ಬಾರಿಯಾ ಪಂದ್ಯಾವಳಿ 1935ರಲ್ಲಿಯೂ ಮಳೆಗಾಲದ ಕಾಂಗಾ ಲೀಗ್ 1948ರಲ್ಲಿಯೂ ಮೊದಲಾದವು. ಹೀಗೆ ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಏರುವ ಮೆಟ್ಟಿಲುಗಳು ನೂರು ವರ್ಷಗಳಿಗೂ ಹಿಂದಿನಿಂದ ಒಂದೊಂದಾಗಿ ಸಿದ್ಧಗೊಂಡವು. ಢಾಲು ಗೆಲ್ಲಬೇಕೆಂಬ ಆಸೆಯಿಂದ ಶಾಲೆಗಳೂ ಕಾಲೇಜುಗಳೂ ಒಳ್ಳೆಯ ಹುಡುಗರನ್ನು ಹುಡುಕಿ ಕರೆಯಲಾರಂಭಿಸಿದವು.

ಇದಕ್ಕೆ ನಮ್ಮ ಡೊಂಬಿವಲಿಗೆ ತೀರ ಹತ್ತಿರದ ಉದಾಹರಣೆ ರೋಹಿತ್ ಶರ್ಮಾ. ಅವರ ತಂದೆತಾಯಿ ಡೊಂಬಿವಲಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದರು. ಸಂಪಾದನೆ ಸಾಲದ್ದರಿಂದ ಹುಡುಗ ಬೋರಿವಲಿಯಲ್ಲಿ ಅಜ್ಜ, ಅಜ್ಜಿ, ಚಿಕ್ಕಪ್ಪಂದಿರ ಬಳಿ ಬೆಳೆದು, ವಾರದ ಕೊನೆಗೆ ಮಾತ್ರ ಹೆತ್ತವರ ಮುಖ ನೋಡುತ್ತಿದ್ದ. 1999ರಲ್ಲಿ ಚಿಕ್ಕಪ್ಪ ಕೊಟ್ಟ ಹಣದಿಂದ ಕ್ರಿಕೆಟ್ ಶಿಬಿರ ಸೇರಿದ. ಆಗ ಆತ ದಾಂಡಿಗನಲ್ಲ, ಆಫ್ ಸ್ಪಿನ್ ಬೌಲರ್ ಎಂಬುದು ಇಂದಿನ ಮಕ್ಕಳಿಗೆ ಆಶ್ಚರ್ಯವೆನಿಸೀತು. ತರಬೇತುದಾರ ದಿನೇಶ್ ಲಾಡ್ ತಾವು ಕಲಿಸುತ್ತಿದ್ದ ಸ್ವಾಮಿ ವಿವೇಕಾನಂದ ಇಂಟರ್‌ನ್ಯಾಷನಲ್ ಶಾಲೆಗೆ ಆತನನ್ನು ಕರೆದರು. ಶುಲ್ಕ ಕಟ್ಟುವ ಶಕ್ತಿ ಮನೆಯವರಿಗಿಲ್ಲವೆಂದು ತಿಳಿದಾಗ ವಿದ್ಯಾರ್ಥಿವೇತನ ಕೊಡಿಸಿದರು. ಮುಂದೆ ಅದೇ ಲಾಡ್ ಪಾಲ್ಘರದ ಬೌಲರ್ ಶಾರ್ದೂಲ್ ಠಾಕೂರನನ್ನೂ ಅದೇ ಶಾಲೆಗೆ ಕರೆತಂದು, ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಹುಡುಗನ ಕೈಚಳಕ ಬಾಗಿಲು ತಟ್ಟಿತು, ನಿಜ. ಆದರೆ ಒಳಗಿನಿಂದ ಬಾಗಿಲು ತೆಗೆದವರು ಒಬ್ಬ ಗುರು, ಒಬ್ಬ ಚಿಕ್ಕಪ್ಪ.

ಕಲ್ಯಾಣದ ತುಷಾರ್ ದೇಶಪಾಂಡೆಯ ಕಥೆ ಇನ್ನೊಂದು ಬಗೆಯದು. ಬಾಲಕನಾಗಿದ್ದಾಗ ಶಿವಾಜಿ ಪಾರ್ಕ್ ಜಿಮಖಾನಾದ ಆಯ್ಕೆಗೆ ಬ್ಯಾಟುಗಾರನಾಗಬೇಕೆಂದೇ ಹೋಗಿದ್ದ. ಬ್ಯಾಟುಗಾರರ ಸಾಲು ಉದ್ದವಾಗಿತ್ತು. ತಡವಾದೀತೆಂದು ಬೌಲರುಗಳ ಸಾಲಿಗೆ ಸೇರಿಕೊಂಡ. ಪದ್ಮಾಕರ ಶಿವಾಲ್ಕರರ ಕಣ್ಣಿಗೆ ಬಿದ್ದ. 589 ಪ್ರಥಮ ದರ್ಜೆಯ ವಿಕೆಟ್‌ಗಳನ್ನು ಪಡೆದೂ ಭಾರತಕ್ಕೆ ಒಂದು ಟೆಸ್ಟನ್ನೂ ಆಡದೆ ಉಳಿದ ಆ ಹಿರಿಯರು ಕಲ್ಯಾಣದ ಹುಡುಗನಲ್ಲಿ ವೇಗದ ಬೌಲರನನ್ನು ಕಂಡರು. 2024ರ ಜುಲೈಯಲ್ಲಿ ಆತ ಜಿಂಬಾಬ್ವೆಯಲ್ಲಿ ಭಾರತದ ಪರವಾಗಿ ಆಡಿದ. ಥಾಣೆ, ಕಲ್ಯಾಣ, ನವಿ ಮುಂಬಯಿಗಳು ಕ್ರಿಕೆಟ್ಟಿನಲ್ಲಿ ಮುಂಬಯಿಯ ವ್ಯಾಪ್ತಿಗೇ ಸೇರಿರುವುದರಿಂದ ಇಲ್ಲಿಯ ಹುಡುಗರಿಗೆ ಈ ಅವಕಾಶ ಇಂದಿಗೂ ಇದೆ.

ಆದರೆ ಅದೇ ಕಲ್ಯಾಣದಲ್ಲಿ ನಾವು ಮರೆಯಬಾರದ ಇನ್ನೊಂದು ಘಟನೆ ನಡೆಯಿತು. 2016ರ ಜನವರಿ 4 ಮತ್ತು 5ರಂದು ಆಟೋ ಚಾಲಕರ ಮಗ ಪ್ರಣವ್ ಧನಾವಡೆ ಶಾಲಾ ಪಂದ್ಯವೊಂದರಲ್ಲಿ ಔಟಾಗದೆ 1009 ರನ್ ಹೊಡೆದ. 1899ರಲ್ಲಿ ಇಂಗ್ಲೆಂಡಿನ ಕಾಲಿನ್ಸ್ ಗಳಿಸಿದ್ದ 628ರ ದಾಖಲೆ ಮುರಿಯಿತು. ಮುಂಬಯಿ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿಯ ವಿದ್ಯಾರ್ಥಿವೇತನ ಘೋಷಿಸಿತು. ಮರುವರ್ಷ ಹುಡುಗನ ಆಟ ಇಳಿಮುಖವಾದಾಗ ತಂದೆಯೇ ಪತ್ರ ಬರೆದು ಅದನ್ನು ನಿಲ್ಲಿಸುವಂತೆ ಕೇಳಿಕೊಂಡರು. ಆ ತಂದೆಯ ಸ್ವಾಭಿಮಾನಕ್ಕೆ ನಾವು ತಲೆಬಾಗುತ್ತೇವೆ. ಜೊತೆಗೆ ಇನ್ನೊಂದು ಮಾತೂ ನೆನಪಾಗುತ್ತದೆ: ಆ ಎರಡು ದಿನ ಎದುರಿನಿಂದ ಚೆಂಡೆಸೆದ ಮಕ್ಕಳ ಹೆಸರನ್ನು ಯಾರೂ ಕೇಳಲಿಲ್ಲ. ಒಂದು ದಿನದ ಜಯಕಾರದ ಮೇಲಾಗಲಿ, ಒಂದು ದಿನದ ಸೋಲಿನ ಮೇಲಾಗಲಿ ಮಗುವಿನ ಭವಿಷ್ಯವನ್ನು ಕಟ್ಟಲಾಗದು.

ಹಾಗಾದರೆ ಯಾವುದರ ಮೇಲೆ ಕಟ್ಟಬೇಕು? ಇಲ್ಲಿ ನಮ್ಮ ಕನ್ನಡ ನಾಡಿನ ಬೌಲರುಗಳೇ ದಾರಿ ತೋರುತ್ತಾರೆ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಪ್ರವೇಶಿಸಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ, ಎಂಜಿನಿಯರಿಂಗ್ ಓದು ಪೂರೈಸಲೆಂದು ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆಮೇಲೂ ಜಗತ್ತಿನ ಶ್ರೇಷ್ಠ ಆಫ್ ಸ್ಪಿನ್ನರರಲ್ಲಿ ಒಬ್ಬರೆನಿಸಿದರು. 619 ಟೆಸ್ಟ್ ವಿಕೆಟ್‌ಗಳ ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನ ಆರ್. ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಜಾವಗಲ್ ಶ್ರೀನಾಥರೂ ಮೈಸೂರಿನಲ್ಲಿ ಓದಿ ಎಂಜಿನಿಯರ್ ಪದವಿ ಪಡೆದವರು. ಆಟದಿಂದ ಓದು ಕೆಡಲೇಬೇಕೆಂದಿಲ್ಲ ಎನ್ನಲು ಈ ಮೂವರು ಸಾಲದೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳು ಬೇಸ್‌ಬಾಲ್ ಆಡುತ್ತಾರೆ. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಕಾಲೇಜಿನ ತರಬೇತುದಾರರು ಹೈಸ್ಕೂಲಿನ ಮೈದಾನಗಳಿಗೆ ಬಂದು, ಎಸೆತದ ವೇಗವನ್ನು ಯಂತ್ರದಿಂದ ಅಳೆದು, ಅಂಕಪಟ್ಟಿಯನ್ನೂ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ. 2008ರಲ್ಲಿ ಉತ್ತರ ಪ್ರದೇಶದ ಭರ್ಜಿ ಎಸೆಯುವ ಇಬ್ಬರು ತರುಣರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಸ್ಪರ್ಧೆಯೊಂದರ ಮೂಲಕ ಆಯ್ಕೆಯಾಗಿ ಅಲ್ಲಿಯ ಪಿಟ್ಸ್‌ಬರ್ಗ್ ತಂಡಕ್ಕೆ ಸೇರಿದ್ದುಂಟು. ಆ ದೇಶದಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. 2014ರಲ್ಲಿ ಹೊರಟ ಅಲ್ಲಿಯ ಸೂಚನೆಯಂತೆ ಹದಿನೈದು ಹದಿನಾರರ ಪಿಚರ್ ದಿನಕ್ಕೆ 95ಕ್ಕಿಂತ ಹೆಚ್ಚು ಎಸೆತ ಎಸೆಯಬಾರದು. ನಮ್ಮ ಹುಡುಗ ಬೆಳಿಗ್ಗೆ ಶಾಲೆಗೆ, ಸಂಜೆ ಕ್ಲಬ್ಬಿಗೆ, ರವಿವಾರ ಗಲ್ಲಿಯ ಪಂದ್ಯಕ್ಕೆ ಎಸೆಯುತ್ತಾನೆ. ಎಣಿಸುವವರು ಯಾರು? ಭುಜ ನೋಯುತ್ತದೆಂದು ಮಗು ಹೇಳಿದರೆ ಅದನ್ನು ಸೋಮಾರಿತನವೆಂದು ಬಗೆಯಬಾರದು.

ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶದಲ್ಲಿ ಕ್ರೀಡಾಪಟುಗಳಿಗೆ ಮೀಸಲು ಸ್ಥಾನಗಳಿವೆ. ಅದಕ್ಕೆ ಬೇಕಾದದ್ದು ಮೆಚ್ಚುಗೆಯ ಮಾತಲ್ಲ, ಕಾಗದಪತ್ರ. ಜನನ ದಾಖಲೆ, ಪ್ರತಿ ಪಂದ್ಯದ ಪ್ರಮಾಣಪತ್ರ, ಎಷ್ಟು ಓವರು, ಎಷ್ಟು ವಿಕೆಟ್ ಎಂದು ಬರೆದಿಟ್ಟ ಒಂದು ವಹಿ, ಇವನ್ನು ತಾಯಂದಿರು ಇಂದಿನಿಂದಲೇ ಜೋಪಾನ ಮಾಡಲಿ. ಶಾಲೆಯ ಕ್ರೀಡಾ ಶಿಕ್ಷಕರನ್ನೂ ಕಾಲೇಜಿನ ಜಿಮಖಾನಾದವರನ್ನೂ ಪರೀಕ್ಷೆ ಮುಗಿಯುವ ಮೊದಲೇ ಕಂಡು ಮಾತಾಡಲಿ.

ಊರಿನಿಂದ ಬಂದ ನಮ್ಮ ಹಿರಿಯರು ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ಇರುಳಿನಲ್ಲಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರಿಗೆ ಮಲಗಲು ಜಾಗ ಕೊಟ್ಟದ್ದು ಯಾರದೋ ಖೋಲಿ. ಹಗಲು ಆಡಿ ಇರುಳು ಓದುವ ಇಂದಿನ ಹುಡುಗನೂ ಅದೇ ದಾರಿಯವನು. ಆದ್ದರಿಂದ ದಾದರ್, ಮಾಟುಂಗಾಗಳಲ್ಲಿ ಮನೆಯಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಪಂದ್ಯದ ಹಿಂದಿನ ರಾತ್ರಿ ಕಲ್ಯಾಣದ ಹುಡುಗನೊಬ್ಬ ನಿಮ್ಮ ಬಾಗಿಲು ತಟ್ಟಿದರೆ ಊಟ ಹಾಕಿ, ಚಾಪೆ ಹಾಸಿ, ಓದಲು ದೀಪ ಹಚ್ಚಿಡಿ.